ಪೂಲ್ ಎಷ್ಟಿಡಬೇಕು, ಯಾವ ಬಾಗಿಲಿಂದ ಹೋಗಬೇಕು: ಡೇಟಾಬೇಸ್ ಕನೆಕ್ಷನ್ ಆರಿಸುವವರಿಗೆ

ತೊಗರಿ ರಾಶಿಯಾಗಿ ಗಂಜ್ ಮಾರುಕಟ್ಟೆಗೆ ಮಾಲು ಬರಲು ಶುರುವಾಯಿತೆಂದರೆ ನನಗೆ ಬರುವ ಕರೆಗಳೂ ಹೆಚ್ಚುತ್ತವೆ. ದಾಲ್ ಮಿಲ್ಲು, ದಲಾಲಿ ಅಂಗಡಿ, ಕಾಲೇಜಿನ ಫೀ ಕೌಂಟರು, ರಕ್ತ ಪರೀಕ್ಷೆಯ ಲ್ಯಾಬು, ಹೀಗೆ ಕಲಬುರಗಿ ಸುತ್ತಮುತ್ತ ಸಾಫ್ಟ್‌ವೇರ್ ನೋಡಿಕೊಳ್ಳುವ ಹುಡುಗರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಅಪ್ಲಿಕೇಶನ್ ಡೇಟಾಬೇಸಿನ ಜೊತೆ ಮಾತಾಡಲು ತೆರೆಯುವ ಒಂದೊಂದು ದಾರಿ ಒಂದು ಕನೆಕ್ಷನ್, ಅಂಥವನ್ನು ತೆರೆದಿಟ್ಟು ಮತ್ತೆ ಮತ್ತೆ ಬಳಸುವ ಗುಂಪೇ ಪೂಲ್. ಬೀದರಿನಿಂದ ಒಬ್ಬರು ಕೇಳಿದ್ದು ಹೀಗೆ: "ಸರ್, ಪೂಲ್ ಐವತ್ತ್ ಇಟ್ಟೀನ್ರಿ, ಆದ್ರೂ ಸ್ಲೋನೇ ಅದ. ನೂರಕ್ಕ ಏರಿಸ್ಲೇನ್ರಿ, ಇಲ್ಲಾ ಪಿಜಿಬೌನ್ಸರ್ ಹಾಕ್ಲೇನ್ರಿ?" ಪಿಜಿಬೌನ್ಸರ್ ಎಂದರೆ ಅಪ್ಲಿಕೇಶನ್ ಮತ್ತು ಡೇಟಾಬೇಸಿನ ನಡುವೆ ಕೂತು ಕನೆಕ್ಷನ್ ಹಂಚುವ ಸಾಫ್ಟ್‌ವೇರ್. ಯಾದಗಿರಿಯ ಇನ್ನೊಬ್ಬರ ಗೊಂದಲ ಬೇರೆ. ಲೋಡ್ ಟೆಸ್ಟಿಗೆ, ಅಂದರೆ ಒಟ್ಟಿಗೆ ಬಹಳ ಕೆಲಸ ಕೊಟ್ಟು ನೋಡುವ ಪರೀಕ್ಷೆಗೆ, ಜೆಮೀಟರ್ ಎಂಬ ಸಾಧನವನ್ನು ನೇರ ಡೇಟಾಬೇಸಿಗೆ ಜೋಡಿಸಬೇಕೋ, ಅಪ್ಲಿಕೇಶನ್ ಮೂಲಕ ಕಳಿಸಬೇಕೋ, ಅಳತೆಗಳನ್ನು ಗ್ರಾಫ್ ಆಗಿ ತೋರಿಸುವ ಗ್ರಾಫಾನಾಕ್ಕೆ ಬೇರೆ ಯೂಸರ್ ಬೇಕೋ ಬೇಡವೋ ಎಂದು ಅವರು ಎರಡು ವಾರದಿಂದ ತಡಕಾಡುತ್ತಿದ್ದರು.

ಇಬ್ಬರಿಗೂ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ. ನಾನು ಹೇಳುವುದರಲ್ಲಿ ಹೆಚ್ಚಿನದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿಗೆ ಸಂಬಂಧಿಸಿದ್ದು. ಇನ್ನೊಂದು ಡೇಟಾಬೇಸ್ ಆದ ಮೈಸೀಕ್ವೆಲ್ ಬಳಸುವವರಿಗೂ ನಡುವೆ ಒಂದೆರಡು ಮಾತಿವೆ.

ಇಲ್ಲಿ ಮೂರು ಬಗೆಯ ಕನೆಕ್ಷನ್‌ಗಳಿವೆ: ದಿನದ ಕೆಲಸದ್ದು, ಪರೀಕ್ಷೆಯದ್ದು, ಮಾನಿಟರಿಂಗಿನದ್ದು. ಪರೀಕ್ಷೆ ದಿನದ ಕೆಲಸ ಹೋಗುವ ಬಾಗಿಲಿನಿಂದಲೇ ಹೋಗಬೇಕು, ಮಾನಿಟರಿಂಗಿಗೆ ಮಾತ್ರ ಬೇರೆ ಬಾಗಿಲಿರಬೇಕು. ನಾನು ಇದನ್ನು ಕಲಿತದ್ದು ತಡವಾಗಿ, ಬೇರೆಯವರ ನಷ್ಟದಲ್ಲಿ.

ಒಂದು ಜನವರಿಯ ಮಾತು. ನಾನು ನೋಡಿಕೊಳ್ಳುತ್ತಿದ್ದ ದಾಲ್ ಮಿಲ್ಲಿನಲ್ಲಿ ನಾಲ್ಕು ಸರ್ವಿಸ್‌ಗಳಿದ್ದವು: ಕಾಟಾ (ಲಾರಿ ತೂಗುವ ತಕ್ಕಡಿ), ಬಿಲ್ಲು, ಗೋದಾಮಿನ ಸ್ಟಾಕು, ರಿಪೋರ್ಟು. ಒಂದೊಂದಕ್ಕೂ ಪೂಲ್ 50. ಸುಮ್ಮನಿರುವಾಗ ಐದೈದೇ ತೆರೆದಿರಲಿ ಎಂದು ಇಟ್ಟಿದ್ದರಿಂದ ಮಾಮೂಲಿ ದಿನಗಳಲ್ಲಿ ಏನೂ ಗೊತ್ತಾಗಲಿಲ್ಲ. ಪರೀಕ್ಷೆ ಮಾಡುವಾಗ ನಾನು ಬಿಲ್ಲಿನ ಸರ್ವಿಸ್ ಒಂದನ್ನೇ ಓಡಿಸಿ, ಎಲ್ಲ ಚೆನ್ನಾಗಿದೆ ಎಂದು ಬರೆದುಕೊಟ್ಟಿದ್ದೆ. ಪೋಸ್ಟ್‌ಗ್ರೆಸ್‌ನಲ್ಲಿ ನಾವೇನೂ ಮುಟ್ಟದಿದ್ದರೆ ಒಟ್ಟು ಕನೆಕ್ಷನ್‌ಗಳ ಮಿತಿ 100. ಅದರಲ್ಲಿ 3 ಸೂಪರ್‌ಯೂಸರ್‌ಗೆ (ಎಲ್ಲ ಅಧಿಕಾರ ಇರುವ ಯೂಸರ್‌ಗೆ) ಮೀಸಲು, ಉಳಿದವರಿಗೆಲ್ಲ ಸೇರಿ 97. ಮಾಲಿನ ಆವಕ ಏರಿದ ದಿನ ನಾಲ್ಕೂ ಪೂಲ್‌ಗಳು ಒಟ್ಟಿಗೆ ಬೆಳೆಯಲು ಹೊರಟವು. ಅವಕ್ಕೆ ನಾನೇ ಕೊಟ್ಟ ಅನುಮತಿ 200.

ಬೆಳಿಗ್ಗೆ ಹತ್ತೂವರೆ. ಕಾಟಾದ ಮೇಲೆ ಲಾರಿ ನಿಂತಿದೆ, ಡಿಸ್‌ಪ್ಲೇಯಲ್ಲಿ ತೂಕ ಕಾಣುತ್ತಿದೆ, ಪ್ರಿಂಟರ್ ಸುಮ್ಮನಿದೆ. "ಅಣ್ಣಾ, ಚೀಟಿ ಬರವಲ್ದು" ಎಂದು ಕಾಟಾದ ಹುಡುಗ ಫೋನ್ ಮಾಡಿದ. ಗ್ರಾಫಾನಾ ತೆರೆದರೆ ಅಲ್ಲಿ ಗೆರೆಯೇ ತುಂಡಾಗಿತ್ತು. ಮಾನಿಟರಿಂಗಿನ ಕನೆಕ್ಷನ್ ಕೂಡ ಆ 97ರ ಸಾಲಿನಲ್ಲೇ ನಿಂತಿತ್ತಲ್ಲ! ಏನಾಗಿದೆ ಎಂದು ನೋಡಲು ಬೇಕಾದ ಕಣ್ಣು, ನೋಡಬೇಕಾದ ಹೊತ್ತಿಗೇ ಮುಚ್ಚಿತ್ತು. ಹೊರಗೆ ಮಾಲಿನ ಗಾಡಿಗಳ ಪಕ್ಕ ನಿಂತಿದ್ದ ರೈತರ ಮುಖ ನನಗೆ ಇವತ್ತಿಗೂ ನೆನಪಿದೆ.

ಮೊದಲು ಈ ಲೆಕ್ಕ ಹಾಕಿ

ಯಾವ ಆಯ್ಕೆ ಒಳ್ಳೆಯದು ಎನ್ನುವ ಮುಂಚೆ ನಿಮ್ಮ ಬಳಿ ಕೆಲವು ಉತ್ತರಗಳು ಇರಬೇಕು. ಡೇಟಾಬೇಸಿಗೆ ಒಟ್ಟು ಎಷ್ಟು ಪ್ರೋಸೆಸ್‌ಗಳು, ಅಂದರೆ ಓಡುತ್ತಿರುವ ಪ್ರೋಗ್ರಾಂಗಳು, ಕೈ ಚಾಚುತ್ತವೆ? ಒಂದು ಸರ್ವಿಸಿನ ಮೂರು ಪ್ರತಿ ಓಡುತ್ತಿದ್ದರೆ ಅದು ಮೂರು ಪೂಲ್, ಒಂದಲ್ಲ. ರಾತ್ರಿ ಬ್ಯಾಕಪ್, ಆಫೀಸಿನಲ್ಲಿ ಯಾರೋ ತೆರೆದಿಟ್ಟ ಪಿಜಿಅಡ್ಮಿನ್ (ಡೇಟಾಬೇಸ್ ನೋಡುವ ಸಾಧನ), ಎಕ್ಸೆಲ್‌ಗೆ ರಿಪೋರ್ಟ್ ಎಳೆಯುವ ಮ್ಯಾಕ್ರೋ, ಇವನ್ನೂ ಸೇರಿಸಿ ಬರೆಯಿರಿ. ಕಾಗದದ ಮೇಲೆ ಬರೆದರೆ ಹೆಚ್ಚಿನವರ ಸಮಸ್ಯೆ ಇಲ್ಲೇ ಕಣ್ಣಿಗೆ ಬೀಳುತ್ತದೆ.

ಎರಡನೆಯದು, ಒಂದು ಕೆಲಸ ಕನೆಕ್ಷನನ್ನು ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸಾಲಿನ ನಿಯಮ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ: ಸೆಕೆಂಡಿಗೆ ಬರುವ ಕೆಲಸಗಳನ್ನು ಒಂದು ಕೆಲಸ ಹಿಡಿಯುವ ಸೆಕೆಂಡಿನಿಂದ ಗುಣಿಸಿದರೆ, ಸರಾಸರಿ ಎಷ್ಟು ಕನೆಕ್ಷನ್ ಬಳಕೆಯಲ್ಲಿರುತ್ತವೆ ಎಂಬುದು ಸಿಗುತ್ತದೆ. ಫೀ ಕಟ್ಟುವ ಕೊನೆಯ ದಿನ ಸೆಕೆಂಡಿಗೆ 300 ವಿನಂತಿ ಬರುತ್ತವೆ, ಒಂದೊಂದೂ 20 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. 300ನ್ನು 0.02ರಿಂದ ಗುಣಿಸಿದರೆ 6. ಬರೀ ಆರು! ಒಮ್ಮೆಲೇ ನುಗ್ಗುವ ಗುಂಪಿಗೆಂದು ಅದನ್ನು ಎರಡು ಪಟ್ಟು ಮಾಡಿದರೂ 12. ಐವತ್ತು ಎಲ್ಲಿಂದ ಬಂತು ಎಂದು ಬೀದರಿನವರನ್ನು ಕೇಳಿದಾಗ, "ಮೊದ್ಲಿದ್ದವ್ರು ಇಟ್ಟಿದ್ರು ರೀ" ಎಂದರು.

ಮೂರನೆಯದು ದೂರ. ಅಪ್ಲಿಕೇಶನ್ ಕಲಬುರಗಿಯಲ್ಲಿ, ಡೇಟಾಬೇಸ್ ಮುಂಬೈ ಕ್ಲೌಡಿನಲ್ಲಿ ಇದ್ದರೆ ಮೇಲಿನ ಲೆಕ್ಕ ಪೂರಾ ಬದಲಾಗುತ್ತದೆ. ಒಂದು ವಹಿವಾಟಿನಲ್ಲಿ ನಾಲ್ಕು ಸಲ ಹೋಗಿಬರುವುದಿದ್ದು, ಒಂದು ಸಲಕ್ಕೆ 30 ಮಿಲಿಸೆಕೆಂಡ್ ಆದರೆ, 20ರ ಜಾಗದಲ್ಲಿ 140 ಆಯಿತು. ಅದೇ 300 ವಿನಂತಿಗೆ ಈಗ 42 ಕನೆಕ್ಷನ್ ಬೇಕು. ಡೇಟಾಬೇಸ್ ನಿಧಾನವಾಗಿಲ್ಲ, ದಾರಿ ಉದ್ದವಾಗಿದೆ ಅಷ್ಟೇ. ಅಮೆಜಾನಿನ ಕ್ಲೌಡ್ ಮುಂಬೈಗೆ 2016ರಲ್ಲಿ, ಹೈದರಾಬಾದಿಗೆ 2022ರಲ್ಲಿ ಬಂತು. ನಕಾಶೆಯಲ್ಲಿ ನಮಗೆ ಹೈದರಾಬಾದ್ ಹತ್ತಿರ, ಆದರೆ ನಿಮ್ಮ ಇಂಟರ್ನೆಟ್ ಕೊಡುವವರ ತಂತಿ ಯಾವ ಊರು ಸುತ್ತಿ ಹೋಗುತ್ತದೆ ಎಂಬುದು ಬೇರೆ ವಿಷಯ. ಎರಡೂ ಕಡೆ ಪಿಂಗ್ ಹೊಡೆದು, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ನೋಡಿಯೇ ಆರಿಸಿ.

ಉಳಿದವು ಎರಡು ಸಣ್ಣ ಪ್ರಶ್ನೆ, ಆದರೆ ಬಿಡುವಂತಿಲ್ಲ. ನಿಮ್ಮ ಕೋಡ್ ಸೆಷನ್ (ಒಂದು ಕನೆಕ್ಷನ್ ತೆರೆದಿರುವ ಅವಧಿ) ಮೇಲೆ ಅವಲಂಬಿಸಿದೆಯೇ, ಅಂದರೆ ಟೆಂಪರರಿ ಟೇಬಲ್, ಸೆಷನ್ ಮಟ್ಟದ ಲಾಕ್, ಲಿಸನ್ (ಡೇಟಾಬೇಸಿನ ಸೂಚನೆಗೆ ಕಾಯುವುದು) ಇಂಥವು ಇವೆಯೇ? ಮತ್ತೆ, ರಾತ್ರಿ ಕೈಕೊಟ್ಟರೆ ನೋಡುವವರು ಯಾರು?

ಪ್ರತಿ ಸಲ ಹೊಸ ಕನೆಕ್ಷನ್

ಕೆಲಸ ಬಂದಾಗ ತೆರೆ, ಮುಗಿದಾಗ ಮುಚ್ಚು. ಇದಕ್ಕಿಂತ ಸರಳ ಬೇರೆ ಇಲ್ಲ, ಸೋರಿಕೆಯ ಭಯವೂ ಕಡಿಮೆ. ಆದರೆ ಪೋಸ್ಟ್‌ಗ್ರೆಸ್ ಪ್ರತಿ ಕನೆಕ್ಷನ್‌ಗೂ ಒಂದು ಹೊಸ ಪ್ರೋಸೆಸ್ ಹುಟ್ಟಿಸುತ್ತದೆ. ಅದರ ಮೊದಲು ಟಿಸಿಪಿ ಕೈಕುಲುಕು (ಎರಡೂ ಕಡೆಯವರು ಸಂಪರ್ಕ ಒಪ್ಪಿಕೊಳ್ಳುವುದು), ಆಮೇಲೆ ಟಿಎಲ್‌ಎಸ್ (ಮಾತು ಗುಟ್ಟಾಗಿಡುವ ಏರ್ಪಾಡು), ಪಾಸ್‌ವರ್ಡ್ ಪರಿಶೀಲನೆ. ಹೀಗೆ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಶುರುವಾಗುವ ಮುಂಚೆಯೇ ಹಲವು ಸಲ ಹೋಗಿಬರಬೇಕು. ಅದೇ ಮಷೀನಿನಲ್ಲಿ ಡೇಟಾಬೇಸ್ ಇದ್ದರೆ ಇದು ತಡೆಯುತ್ತದೆ. ದೂರದ ಕ್ಲೌಡಿಗೆ ಇದು ಬೇಡವೇ ಬೇಡ.

ಪಿಎಚ್‌ಪಿ ಮತ್ತು ಮೈಸೀಕ್ವೆಲ್ ಜೋಡಿ ಇಟ್ಟುಕೊಂಡವರು ಹೆಚ್ಚಾಗಿ ಈ ದಾರಿಯಲ್ಲೇ ಇರುತ್ತಾರೆ, ಅದರಲ್ಲಿ ತಪ್ಪೂ ಇಲ್ಲ. ಮೈಸೀಕ್ವೆಲ್ ಕನೆಕ್ಷನ್‌ಗೆ ಪ್ರೋಸೆಸ್ ಅಲ್ಲ, ಅದಕ್ಕಿಂತ ಹಗುರವಾದ ಥ್ರೆಡ್ ಕೊಡುತ್ತದೆ, ಹಾಗಾಗಿ ತೆರೆಯುವ ಖರ್ಚು ಕಡಿಮೆ. ಅಲ್ಲಿ ಮುಟ್ಟದೆ ಬಿಟ್ಟ ಮಿತಿ 151. ಪಿಎಚ್‌ಪಿ-ಎಫ್‌ಪಿಎಂನ ಮ್ಯಾಕ್ಸ್ ಚಿಲ್ಡ್ರನ್ (ಒಟ್ಟಿಗೆ ಓಡಬಹುದಾದ ಪಿಎಚ್‌ಪಿ ಪ್ರೋಸೆಸ್‌ಗಳ ಮಿತಿ) ಸಂಖ್ಯೆಯನ್ನು ಮಷೀನ್‌ಗಳ ಸಂಖ್ಯೆಯಿಂದ ಗುಣಿಸಿ, ಅದು 151ಕ್ಕಿಂತ ಸಾಕಷ್ಟು ಕೆಳಗಿದ್ದರೆ ನಿಮಗೆ ಪೂಲ್ ಚಿಂತೆಯೇ ಬೇಡ. ಸುಮ್ಮನೆ ಕೂತ ಕನೆಕ್ಷನನ್ನು ಅದು 28,800 ಸೆಕೆಂಡ್, ಅಂದರೆ ಎಂಟು ತಾಸು ಇಟ್ಟುಕೊಳ್ಳುತ್ತದೆ. ಪರ್ಸಿಸ್ಟೆಂಟ್ (ಮುಚ್ಚದೆ ಇಟ್ಟುಕೊಳ್ಳುವ) ಕನೆಕ್ಷನ್ ಬಳಸುವವರು ಅದನ್ನು ಇಳಿಸಿಕೊಳ್ಳಿ.

ಅಪ್ಲಿಕೇಶನ್ ಒಳಗಿನ ಪೂಲ್

ಜಾವಾದವರಿಗೆ ಹಿಕಾರಿ, ಪೈಥಾನಿನವರಿಗೆ ಎಸ್‌ಕ್ಯೂಎಲ್‌ಆಲ್ಕೆಮಿಯ ಪೂಲ್, ಇಂಥವು. ಒಂದೆರಡು ಸರ್ವಿಸ್ ಇರುವವರಿಗೆ ನನ್ನ ಮೊದಲ ಸಲಹೆ ಯಾವಾಗಲೂ ಇದೇ. ಬೇರೆ ಸಾಫ್ಟ್‌ವೇರ್ ಹಾಕಬೇಕಿಲ್ಲ, ದುಡ್ಡು ಕೊಡಬೇಕಿಲ್ಲ, ನಡುವೆ ಇನ್ನೊಂದು ಕೆಡುವ ವಸ್ತು ಇಲ್ಲ.

ಹಿಕಾರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಸ್ಪ್ರಿಂಗ್ ಬೂಟ್ 2 ಬಂದಾಗಿನಿಂದ ಅದೇ ಮಾಮೂಲಿ ಪೂಲ್. ಮುಟ್ಟದೆ ಬಿಟ್ಟರೆ ಗರಿಷ್ಠ 10 ಕನೆಕ್ಷನ್. ಹತ್ತು ಕಡಿಮೆ ಅನಿಸಿ ಕೂಡಲೇ ಏರಿಸುವವರೇ ಹೆಚ್ಚು. ಪೋಸ್ಟ್‌ಗ್ರೆಸ್ ಬಳಗದಲ್ಲಿ ಬಹಳ ದಿನದಿಂದ ಚಾಲ್ತಿಯಲ್ಲಿರುವ ಸೂತ್ರ ನೋಡಿ: ಡೇಟಾಬೇಸ್ ಮಷೀನಿನ ಕೋರ್‌ಗಳ ಎರಡರಷ್ಟು, ಅದಕ್ಕೆ ತಿರುಗುವ ಡಿಸ್ಕ್‌ಗಳ ಸಂಖ್ಯೆ ಸೇರಿಸಿ. ನಾಲ್ಕು ಕೋರ್, ಒಂದು ಡಿಸ್ಕ್ ಆದರೆ 9. ಎಸ್‌ಎಸ್‌ಡಿ ಕಾಲದಲ್ಲಿ ಇದು ಕರಾರುವಾಕ್ಕಾದ ಉತ್ತರವಲ್ಲ, ಆದರೆ ಪರೀಕ್ಷೆ ಶುರುಮಾಡಲು ಒಳ್ಳೆಯ ಜಾಗ. ನೆನಪಿಡಿ, ಈ ಒಂಬತ್ತು ಡೇಟಾಬೇಸಿಗೆ ಒಟ್ಟು, ಪ್ರತಿ ಸರ್ವಿಸಿಗಲ್ಲ.

ಪೂಲ್ ದೊಡ್ಡದಾದರೆ ವೇಗ ಹೆಚ್ಚಲಾರದು ಏಕೆ? ನಾಲ್ಕು ಕೋರ್ ಅಂದರೆ ನಾಲ್ಕು ತಕ್ಕಡಿ. ತಕ್ಕಡಿ ನಾಲ್ಕೇ ಇರುವಾಗ ಐವತ್ತು ಚೀಲಗಳನ್ನು ಒಳಗೆ ಬಿಟ್ಟುಕೊಂಡರೆ ತೂಕ ಬೇಗ ಮುಗಿಯುವುದಿಲ್ಲ. ಚೀಲಗಳನ್ನು ಸರಿಸುವುದರಲ್ಲೇ ಹಮಾಲರ ಹೊತ್ತು ಹೋಗುತ್ತದೆ. ಜೊತೆಗೆ ಮೆಮೊರಿ. ಪ್ರತಿ ಪ್ರೋಸೆಸ್ ತನ್ನ ಪಾಲು ಕೇಳುತ್ತದೆ, ಅದರ ಮೇಲೆ ಒಂದೊಂದು ಸಾರ್ಟ್‌ಗೂ ವರ್ಕ್ ಮೆಮ್, ಮುಟ್ಟದಿದ್ದರೆ 4 ಎಂಬಿ. ಒಂದೇ ಕ್ವೆರಿಯಲ್ಲಿ ಎರಡು ಮೂರು ಸಾರ್ಟ್ ಇರಬಹುದು. 8 ಜಿಬಿ ಮಷೀನಿನಲ್ಲಿ ವರ್ಕ್ ಮೆಮ್ 64 ಎಂಬಿಗೆ ಏರಿಸಿ 200 ಕನೆಕ್ಷನ್ ಬಿಟ್ಟವರ ಸರ್ವರ್ ರಿಪೋರ್ಟಿನ ದಿನ ಬಿದ್ದರೆ ಅದರಲ್ಲಿ ಅಚ್ಚರಿ ಏನಿಲ್ಲ.

ಪರೀಕ್ಷೆಗೆ ಕೂರುವ ಮುನ್ನ ಹಿಕಾರಿಯಲ್ಲಿ ಎರಡು ವಿಷಯ ಬದಲಿಸಿ. ಕನೆಕ್ಷನ್‌ಗಾಗಿ ಕಾಯುವ ಮಿತಿ ಮಾಮೂಲಿಯಾಗಿ 30 ಸೆಕೆಂಡ್. ಕೌಂಟರಿನ ಮುಂದೆ ನಿಂತವರು ಮೂವತ್ತು ಸೆಕೆಂಡ್ ಕಾಯುವುದಿಲ್ಲ, ಬಟನನ್ನು ಮತ್ತೆ ಮತ್ತೆ ಒತ್ತುತ್ತಾರೆ. ಅದನ್ನು 2-3 ಸೆಕೆಂಡಿಗೆ ಇಳಿಸಿದರೆ ಪರೀಕ್ಷೆಯಲ್ಲಿ ತೊಂದರೆ ಎರರ್ ಆಗಿ ಎದ್ದು ಕಾಣುತ್ತದೆ, ಇಲ್ಲದಿದ್ದರೆ ಸರಾಸರಿಯಲ್ಲಿ ಕರಗಿಹೋಗುತ್ತದೆ. ಇನ್ನೊಂದು ಲೀಕ್ ಡಿಟೆಕ್ಷನ್, ಅಂದರೆ ಸೋರಿಕೆ ಪತ್ತೆ. ಅದು ಮಾಮೂಲಿಯಾಗಿ ಆಫ್ ಇರುತ್ತದೆ. ಪರೀಕ್ಷೆಯಲ್ಲಿ 10 ಸೆಕೆಂಡ್ ಇಟ್ಟು ನೋಡಿ. ತೆಗೆದುಕೊಂಡ ಕನೆಕ್ಷನ್ ವಾಪಸ್ ಕೊಡದ ಕೋಡ್ ಯಾವ ಸಾಲಿನಲ್ಲಿದೆ ಎಂದು ಲಾಗ್‌ನಲ್ಲಿ ಬರುತ್ತದೆ. ಯಾದಗಿರಿಯವರ ಅರ್ಧ ತೊಂದರೆ ಇದರಿಂದಲೇ ಸಿಕ್ಕಿತು: ಪಿಡಿಎಫ್ ತಯಾರಾಗುವವರೆಗೂ ಅವರ ಕೋಡ್ ವಹಿವಾಟನ್ನು ತೆರೆದೇ ಇಟ್ಟುಕೊಂಡಿತ್ತು.

ನಮ್ಮ ಕಡೆಯವರು ಗಮನಿಸಬೇಕಾದ ಇನ್ನೊಂದಿದೆ. ಬ್ರಾಡ್‌ಬ್ಯಾಂಡ್ ಹೋಗಿ ಲೈನು ಡಾಂಗಲ್‌ಗೆ ಬದಲಾದಾಗ ಹಳೆಯ ಕನೆಕ್ಷನ್‌ಗಳು ಸತ್ತಿದ್ದು ಆಚೆ ಸರ್ವರಿಗೆ ಗೊತ್ತಾಗುವುದಿಲ್ಲ. ಲಿನಕ್ಸ್‌ನಲ್ಲಿ ಕೀಪ್‌ಅಲೈವ್, ಅಂದರೆ ಆ ಕಡೆಯವರು ಇನ್ನೂ ಇದ್ದಾರೆಯೇ ಎಂದು ವಿಚಾರಿಸುವುದು, ಮಾಮೂಲಿಯಾಗಿ 7,200 ಸೆಕೆಂಡ್ ಆದ ಮೇಲೆ. ಅಂದರೆ ಸತ್ತ ಕನೆಕ್ಷನ್ ಎರಡು ತಾಸು ಜಾಗ ಹಿಡಿದು ಕೂರಬಹುದು. ದಿನಕ್ಕೆ ನಾಲ್ಕು ಸಲ ಲೈನ್ ಹೋಗುವ ಕಡೆ ಇದೇ 97ನ್ನು ತಿಂದುಹಾಕುತ್ತದೆ. ಪೋಸ್ಟ್‌ಗ್ರೆಸ್‌ನ ಟಿಸಿಪಿ ಕೀಪ್‌ಅಲೈವ್ ಐಡಲ್ ಅನ್ನು 60 ಸೆಕೆಂಡ್ ಮಾಡಿ. ಪರೀಕ್ಷೆ ನಡೆಯುವಾಗ ಬೇಕೆಂದೇ ಒಮ್ಮೆ ರೂಟರಿನ ತಂತಿ ಕಿತ್ತು ನೋಡಿ. ಈ ಒಂದು ಪರೀಕ್ಷೆ ನನಗೆ ಬೇರೆಲ್ಲ ಗ್ರಾಫ್‌ಗಳಿಗಿಂತ ಹೆಚ್ಚು ಕಲಿಸಿದೆ.

ನಡುವೆ ಪಿಜಿಬೌನ್ಸರ್

ಸರ್ವಿಸ್‌ಗಳು ನಾಲ್ಕಾರಾದಾಗ, ಅಥವಾ ಒಂದೇ ಸರ್ವಿಸಿನ ಹಲವು ಪ್ರತಿಗಳು ಏರಿಳಿಯುವಾಗ, ಒಳಗಿನ ಪೂಲ್‌ಗಳು ಒಂದಕ್ಕೊಂದು ತಿಳಿಯದೆ ಬೆಳೆಯುತ್ತವೆ. ಅಲ್ಲಿ ಪಿಜಿಬೌನ್ಸರ್ ಬೇಕು. ಸ್ಕೈಪ್‌ನವರು 2007ರಲ್ಲಿ ಹೊರತಂದದ್ದು, ಉಚಿತ, ಹಗುರ. ಒಂದು ಕನೆಕ್ಷನ್‌ಗೆ ಅದು ತೆಗೆದುಕೊಳ್ಳುವ ಮೆಮೊರಿ ಸುಮಾರು 2 ಕೆಬಿ. ಪೋರ್ಟ್ 5432ರ ಬದಲು 6432ಕ್ಕೆ ಅಪ್ಲಿಕೇಶನ್ ತಿರುಗಿಸಿದರೆ ಸಾವಿರ ಜನ ಹೊರಗೆ ಕಾಯಲಿ, ಒಳಗೆ ಇಪ್ಪತ್ತೇ ಕನೆಕ್ಷನ್ ಓಡುತ್ತಿರುತ್ತವೆ.

ಅದರ ಲಾಭ ಸಿಗುವುದು ಟ್ರಾನ್ಸಾಕ್ಷನ್ ಮೋಡ್‌ನಲ್ಲಿ. ಹಾಕಿದ ಕೂಡಲೇ ಇರುವುದು ಸೆಷನ್ ಮೋಡ್. ಅದನ್ನು ಬದಲಿಸದೆ "ಹಾಕಿದ್ರೂ ಏನೂ ಫರಕ್ ಬೀಳ್ಲಿಲ್ಲ" ಎನ್ನುವವರು ಬಹಳ ಮಂದಿ. ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಒಂದು ವಹಿವಾಟು ಮುಗಿದ ಕ್ಷಣ ಕನೆಕ್ಷನ್ ಇನ್ನೊಬ್ಬರಿಗೆ ಹೋಗುತ್ತದೆ. ಹಾಗಾಗಿ ಸೆಷನ್ ನಂಬಿದ ಕೋಡ್ ಅಲ್ಲಿ ಮುರಿಯುತ್ತದೆ: ಸೆಟ್ ಮಾಡಿದ ಮೌಲ್ಯ, ಲಿಸನ್, ಸೆಷನ್ ಮಟ್ಟದ ಅಡ್ವೈಸರಿ ಲಾಕ್, ವಹಿವಾಟು ದಾಟಿ ಬದುಕುವ ಟೆಂಪರರಿ ಟೇಬಲ್. ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗಳ (ಮೊದಲೇ ಸಿದ್ಧಮಾಡಿಟ್ಟ ಕ್ವೆರಿಗಳ) ತೊಡಕು ಮೊದಲಿತ್ತು. 2023ರ 1.21 ಆವೃತ್ತಿಯಿಂದ ಈಚೆಗೆ ಡ್ರೈವರ್ ಮಟ್ಟದ ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗೆ ಅಲ್ಲಿ ಬೆಂಬಲ ಇದೆ.

ನೋಡಿಕೊಳ್ಳುವುದು ಕಷ್ಟವೇ? ಅಷ್ಟಿಲ್ಲ. ಅದರದ್ದೇ ಅಡ್ಮಿನ್ ಬಾಗಿಲಿಗೆ ಹೋಗಿ ಶೋ ಪೂಲ್ಸ್ ಎಂದು ಕೊಟ್ಟರೆ ಎಷ್ಟು ಜನ ಒಳಗಿದ್ದಾರೆ, ಎಷ್ಟು ಜನ ಕಾಯುತ್ತಿದ್ದಾರೆ, ಎಲ್ಲರಿಗಿಂತ ಮುಂದೆ ನಿಂತವರು ಎಷ್ಟು ಸೆಕೆಂಡಿನಿಂದ ನಿಂತಿದ್ದಾರೆ ಎಂದು ಒಂದೇ ಸಾಲಿನಲ್ಲಿ ಬರುತ್ತದೆ. ಆ ಮ್ಯಾಕ್ಸ್‌ವೇಟ್ ಅಂಕಿ ನನಗೆ ಬಹಳ ಇಷ್ಟ. ಅದು ಸೊನ್ನೆಯಲ್ಲಿ ನಿಂತಿದ್ದರೆ ಪೂಲ್ ಸಾಕು, ಏರುತ್ತಲೇ ಹೋದರೆ ಸಾಲದು ಅಥವಾ ಒಳಗೆ ಯಾರೋ ಹಿಡಿದು ಕೂತಿದ್ದಾರೆ. ಒಂದು ಮಿತಿ ನೆನಪಿರಲಿ, ಒಂದು ಪಿಜಿಬೌನ್ಸರ್ ಪ್ರೋಸೆಸ್ ಒಂದೇ ಕೋರ್ ಬಳಸುತ್ತದೆ. ನಮ್ಮ ಗಾತ್ರದ ಕೆಲಸಕ್ಕೆ ಅದು ಸಾಕೋಸಾಕು.

ಹಿಕಾರಿಯೂ ಇದೆ, ಪಿಜಿಬೌನ್ಸರೂ ಇದೆ ಎಂದಾದರೆ ಸಾಲುಗಳು ಎರಡಾಗುತ್ತವೆ. ಪರೀಕ್ಷೆಯಲ್ಲಿ ಎರಡನ್ನೂ ಅಳೆಯದಿದ್ದರೆ ಕಾಯುವಿಕೆ ಒಂದರಿಂದ ಇನ್ನೊಂದಕ್ಕೆ ಜಾರಿ, ತೊಂದರೆ ಹೋಯಿತು ಎಂಬ ಭ್ರಮೆ ಕೊಡುತ್ತದೆ.

ಪಿಜಿಬೌನ್ಸರಿನಂತೆ ನಡುವೆ ಕೂರುವ, ಕ್ಲೌಡಿನವರೇ ಕೊಡುವ ಪ್ರಾಕ್ಸಿಗಳೂ ಇವೆ. ಅಮೆಜಾನಿನ ಆರ್‌ಡಿಎಸ್ ಪ್ರಾಕ್ಸಿ ಕೆಲಸ ಕಡಿಮೆ ಮಾಡುತ್ತದೆ, ಆದರೆ ಡೇಟಾಬೇಸಿನ ವಿಸಿಪಿಯು ಲೆಕ್ಕದಲ್ಲಿ ಗಂಟೆಗಂಟೆಗೂ ಬಿಲ್ಲು. ಅಜೂರ್‌ನ ಪೋಸ್ಟ್‌ಗ್ರೆಸ್ ಫ್ಲೆಕ್ಸಿಬಲ್ ಸರ್ವರಿನಲ್ಲಿ ಪಿಜಿಬೌನ್ಸರ್ ಒಳಗೇ ಇದೆ, ಅಗ್ಗದ ಬರ್ಸ್ಟಬಲ್ ಶ್ರೇಣಿಯಲ್ಲಿ ಮಾತ್ರ ಇಲ್ಲ. ತಿಂಗಳ ಖರ್ಚನ್ನು ಮಾಲಕರು ಪ್ರಶ್ನಿಸುವ ಊರಿನಲ್ಲಿ, ಲಿನಕ್ಸ್ ಬಲ್ಲವರು ಒಬ್ಬರಿದ್ದರೆ ನಾನು ಪ್ರಾಕ್ಸಿಗೆ ದುಡ್ಡು ಹಾಕಿಸುವುದಿಲ್ಲ. ಯಾರೂ ಇಲ್ಲದಿದ್ದರೆ ಹಾಕಿಸುತ್ತೇನೆ.

ಪರೀಕ್ಷೆ ಯಾವುದರಿಂದ, ಎಲ್ಲಿಂದ

ಮೂರು ದಾರಿ. ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಪಿಜಿಬೆಂಚ್ ಡೇಟಾಬೇಸಿನ ತ್ರಾಣ ಮಾತ್ರ ಅಳೆಯುತ್ತದೆ. ಹೊಸ ಸರ್ವರ್ ಬಾಡಿಗೆಗೆ ಹಿಡಿಯುವಾಗ, ಡಿಸ್ಕ್ ಬದಲಿಸಿದಾಗ ಇದು ಸಾಕು. ಅದರ ಸ್ಕೇಲ್ (ಪರೀಕ್ಷೆಯ ಡೇಟಾದ ಗಾತ್ರ) ಕ್ಲೈಂಟ್‌ಗಳ ಸಂಖ್ಯೆಗಿಂತ ಕಡಿಮೆ ಇಡಬೇಡಿ, ಇಟ್ಟರೆ ಎಲ್ಲರೂ ಅದೇ ಕೆಲವು ಸಾಲುಗಳಿಗೆ ಜಗಳವಾಡಿ ಅಳತೆ ಕೆಡುತ್ತದೆ. ಅದರಲ್ಲಿ ದೊಡ್ಡ ಸಿ (-C) ಆಯ್ಕೆ ಕೊಟ್ಟರೆ ಪ್ರತಿ ವಹಿವಾಟಿಗೂ ಹೊಸ ಕನೆಕ್ಷನ್ ತೆರೆಯುತ್ತದೆ. ಒಮ್ಮೆ ಅದರೊಂದಿಗೆ, ಒಮ್ಮೆ ಅದಿಲ್ಲದೆ ಓಡಿಸಿದರೆ ಪೂಲ್ ನಿಮಗೆ ಎಷ್ಟು ಉಳಿಸುತ್ತದೆ ಎಂಬುದು ಹತ್ತು ನಿಮಿಷದಲ್ಲಿ ಕೈಗೆ ಬರುತ್ತದೆ.

ಜೆಮೀಟರನ್ನು ಜೆಡಿಬಿಸಿ (ಜಾವಾದಿಂದ ಡೇಟಾಬೇಸ್ ತಲುಪುವ ದಾರಿ) ಮೂಲಕ ನೇರ ಜೋಡಿಸುವುದು ಎರಡನೆಯದು. ನಿಮ್ಮದೇ ಕ್ವೆರಿಗಳನ್ನು ಓಡಿಸಬಹುದು, ಹಾಗಾಗಿ ಯಾವ ಕ್ವೆರಿಗೆ ಇಂಡೆಕ್ಸ್ ಬೇಕು ಎಂದು ಹುಡುಕಲು ಒಳ್ಳೆಯದು. ಆದರೆ ಇಲ್ಲೊಂದು ಬಲೆ ಇದೆ. ಅದರ ಕನೆಕ್ಷನ್ ಕಾನ್ಫಿಗರೇಶನ್‌ನಲ್ಲಿ ಗರಿಷ್ಠ ಸಂಖ್ಯೆ ಮಾಮೂಲಿಯಾಗಿ 0. ಸೊನ್ನೆ ಎಂದರೆ ಪ್ರತಿ ಥ್ರೆಡ್‌ಗೂ ಸ್ವಂತ ಕನೆಕ್ಷನ್, ಯಾರೂ ಯಾರಿಗೂ ಕಾಯುವುದಿಲ್ಲ. 80 ಥ್ರೆಡ್ ಓಡಿಸಿದರೆ 80 ಕನೆಕ್ಷನ್. ನಿಮ್ಮ ಅಪ್ಲಿಕೇಶನ್‌ನಲ್ಲಿ ಪೂಲ್ 10 ಇದ್ದು ಪರೀಕ್ಷೆ 80ರಲ್ಲಿ ನಡೆದರೆ, ನೀವು ಅಳೆದದ್ದು ನಿಮ್ಮ ಊರಲ್ಲಿ ಇಲ್ಲದ ಒಂದು ವ್ಯವಸ್ಥೆಯನ್ನು. ಪೂಲ್ ಇದ್ದಂತೆ ಪರೀಕ್ಷಿಸಬೇಕೆಂದರೆ ಅಲ್ಲಿಯೂ 10 ಬರೆಯಿರಿ, ಕಾಯುವ ಮಿತಿಯನ್ನೂ ಅಪ್ಲಿಕೇಶನ್‌ನಷ್ಟೇ ಇಡಿ.

ಮೂರನೆಯದು ಅಪ್ಲಿಕೇಶನ್ ಮೂಲಕ, ಅಂದರೆ ಎಚ್‌ಟಿಟಿಪಿಯಲ್ಲಿ. ಜೆಮೀಟರ್ ಆಗಲಿ ಅಂಥದ್ದೇ ಸಾಧನ ಕೆ6 ಆಗಲಿ, ಕೌಂಟರಿನವರು ಒತ್ತುವ ಬಟನನ್ನೇ ಒತ್ತುತ್ತದೆ. ಪೂಲ್ ಗಾತ್ರ ನಿರ್ಧರಿಸಲು ನಾನು ನಂಬುವುದು ಇದನ್ನು ಮಾತ್ರ. ತಯಾರಿ ಹೆಚ್ಚು ಬೇಕು, ಲಾಗಿನ್ ಟೋಕನ್ ಇತ್ಯಾದಿ ನಿಭಾಯಿಸಬೇಕು, ಆದರೆ ಜನವರಿಯ ಆ ದಿನ ಏನಾಗಬಹುದಿತ್ತು ಎಂದು ಇದೊಂದೇ ಮೊದಲೇ ಹೇಳುತ್ತಿತ್ತು.

ಓಡಿಸುವ ರೀತಿ ಹೀಗೆ: ಎಲ್ಲ ಸರ್ವಿಸ್‌ಗಳೂ ಎದ್ದಿರಲಿ. ಪೂಲ್ 5, 10, 20, 40 ಎಂದು ಏರಿಸುತ್ತಾ ಒಂದೊಂದಕ್ಕೂ ಹದಿನೈದು ನಿಮಿಷ ಕೊಡಿ. ಮೊದಲ ಕೆಲವು ನಿಮಿಷ ಕ್ಯಾಶ್ ಬಿಸಿಯಾಗುವ ಹೊತ್ತು, ಅದನ್ನು ಲೆಕ್ಕದಿಂದ ಬಿಡಿ. ಒಂದು ಹಂತದವರೆಗೆ ಸೆಕೆಂಡಿಗೆ ಮುಗಿಯುವ ವಹಿವಾಟು ಏರುತ್ತದೆ, ಆಮೇಲೆ ಗೆರೆ ಮಟ್ಟವಾಗಿ ಮಲಗುತ್ತದೆ, ಆದರೆ ಪ್ರತಿ ವಹಿವಾಟಿನ ಸಮಯ ಮಾತ್ರ ಏರುತ್ತಲೇ ಹೋಗುತ್ತದೆ. ಆ ತಿರುವಿನ ಸ್ವಲ್ಪ ಈಚೆಗೆ ನಿಮ್ಮ ಸಂಖ್ಯೆ ಇದೆ. ಸರಾಸರಿ ನೋಡಬೇಡಿ, ನೂರರಲ್ಲಿ ತೊಂಬತ್ತೈದನೆಯವರಿಗೆ ಎಷ್ಟಾಯಿತು ನೋಡಿ.

ಲೋಡ್ ಹುಟ್ಟಿಸುವ ಮಷೀನ್ ಡೇಟಾಬೇಸ್ ಮಷೀನ್ ಆಗಿರಬಾರದು. ಬೇಸಿಗೆಯಲ್ಲಿ ಲ್ಯಾಪ್‌ಟಾಪಿನಿಂದಲೂ ಬೇಡ. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದ ಮಧ್ಯಾಹ್ನ ಲ್ಯಾಪ್‌ಟಾಪ್ ಬಿಸಿಯಾಗಿ ತನ್ನ ಪ್ರೊಸೆಸರ್ ವೇಗ ತಾನೇ ಇಳಿಸಿಕೊಳ್ಳುತ್ತದೆ, ಕರೆಂಟ್ ಹೋಗಿ ಬ್ಯಾಟರಿಗೆ ಬಂದರೆ ಇನ್ನೂ ಇಳಿಸುತ್ತದೆ. ಒಂದೇ ಸ್ಕ್ರಿಪ್ಟ್ ಮಧ್ಯಾಹ್ನ ಒಂದು ಉತ್ತರ, ರಾತ್ರಿ ಇನ್ನೊಂದು ಉತ್ತರ ಕೊಟ್ಟಾಗ ನಾನು ಎರಡು ದಿನ ಡೇಟಾಬೇಸಿನಲ್ಲಿ ತಪ್ಪು ಹುಡುಕಿದ್ದೇನೆ. ಜೆಮೀಟರನ್ನು ಪರದೆ ಇಲ್ಲದ ಮೋಡ್‌ನಲ್ಲಿ, ಡೇಟಾಬೇಸ್ ಇರುವ ಜಾಲದಲ್ಲೇ ಬೇರೆ ಸರ್ವರಿನಿಂದ ಓಡಿಸಿ. ಬಳಕೆದಾರರ ದೂರವನ್ನೂ ಅಳೆಯಬೇಕಿದ್ದರೆ ಅದನ್ನು ಬೇರೆ ಪರೀಕ್ಷೆಯಾಗಿ ಮಾಡಿ.

ಮಾನಿಟರಿಂಗಿಗೆ ಬೇರೆ ಬಾಗಿಲು

ಕಾಸಿಲ್ಲದ ದಾರಿಯಿಂದಲೇ ಶುರು ಮಾಡೋಣ. ಪಿಜಿ ಸ್ಟ್ಯಾಟ್ ಆಕ್ಟಿವಿಟಿ ಎಂಬ ವ್ಯೂ ಎಲ್ಲರ ಬಳಿಯೂ ಇದೆ. ಅದರಲ್ಲಿ ಸ್ಟೇಟ್ ಪ್ರಕಾರ ಎಣಿಸಿ. ಐಡಲ್ ಹೆಚ್ಚಿದ್ದರೆ ಪೂಲ್ ಬೇಕಾದ್ದಕ್ಕಿಂತ ದೊಡ್ಡದು. ಆಕ್ಟಿವ್ ಹೆಚ್ಚಿದ್ದರೆ ವೇಟ್ ಈವೆಂಟ್ ಕಾಲಂ ನೋಡಿ, ಲಾಕೋ ಡಿಸ್ಕೋ ಎಂದು ಅಲ್ಲಿದೆ. ಐಡಲ್ ಇನ್ ಟ್ರಾನ್ಸಾಕ್ಷನ್ ಕಂಡರೆ ಅಲ್ಲೇ ನಿಲ್ಲಿ. ಅದು ವಹಿವಾಟು ತೆರೆದಿಟ್ಟು ಚಹಾಕ್ಕೆ ಹೋದವನ ಗುರುತು. ಅವನ ಹಿಂದೆ ಲಾಕ್‌ಗಾಗಿ ಸಾಲು ಬೆಳೆಯುತ್ತದೆ, ಸತ್ತ ಸಾಲುಗಳನ್ನು ಗುಡಿಸುವ ವ್ಯಾಕ್ಯೂಮ್ ಕೂಡ ಹಿಂದೆ ಬೀಳುತ್ತದೆ. ಇಂಥವನ್ನು ತಾನಾಗಿ ಕಡಿದುಹಾಕುವ ಟೈಮ್‌ಔಟ್ 9.6 ಆವೃತ್ತಿಯಿಂದ ಇದೆ, ಬಳಸಿ. ಪ್ರತಿ ಸರ್ವಿಸಿನ ಕನೆಕ್ಷನ್ ವಿಳಾಸದಲ್ಲಿ ಅಪ್ಲಿಕೇಶನ್ ನೇಮ್ ಬರೆಯಿರಿ: ಕಾಟಾ, ಬಿಲ್ಲು, ಟೆಸ್ಟ್. ಎರಡು ನಿಮಿಷದ ಕೆಲಸ, ಆದರೆ ಗಡಿಬಿಡಿಯಲ್ಲಿ ಯಾರು ಹಿಡಿದಿದ್ದಾರೆ ಎಂದು ಹೆಸರು ಹೇಳುತ್ತದೆ.

ಎರಡನೆಯ ಮೆಟ್ಟಿಲು ಪ್ರತಿ ಕ್ವೆರಿಯ ಲೆಕ್ಕ ಇಡುವ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್. ಇದನ್ನು ಮೊದಲ ಸಲ ಹಾಕಲು ಸರ್ವರ್ ರೀಸ್ಟಾರ್ಟ್ ಬೇಕು, ಮ್ಯಾಕ್ಸ್ ಕನೆಕ್ಷನ್ಸ್ (ಆ 100ರ ಮಿತಿ) ಬದಲಿಸಲೂ ಅಷ್ಟೇ. ಎರಡನ್ನೂ ಒಂದೇ ರಾತ್ರಿ ಮುಗಿಸಿ. ಪ್ರತಿ ಓಟದ ಮುಂಚೆ ರೀಸೆಟ್ ಮಾಡಿದರೆ ಆ ಓಟದಲ್ಲಿ ಯಾವ ಕ್ವೆರಿ ಎಷ್ಟು ಹೊತ್ತು ತಿಂದಿತು ಎಂದು ಶುದ್ಧವಾಗಿ ಸಿಗುತ್ತದೆ.

ಮೂರನೆಯದು ಅಳತೆಗಳನ್ನು ಕೂಡಿಡುವ ಪ್ರೊಮಿಥಿಯಸ್, ಅದಕ್ಕೆ ಡೇಟಾಬೇಸಿನ ಅಂಕಿ ಒದಗಿಸುವ ಪೋಸ್ಟ್‌ಗ್ರೆಸ್ ಎಕ್ಸ್‌ಪೋರ್ಟರ್, ಗ್ರಾಫಾನಾ. ಎಲ್ಲವೂ ಉಚಿತ, ಖರ್ಚಾಗುವುದು ಒಂದು ಸಣ್ಣ ಬೇರೆ ಮಷೀನ್. ಅದೇ ಡೇಟಾಬೇಸ್ ಸರ್ವರಿನ ಮೇಲೆ ಹಾಕಿದರೆ ಸರ್ವರ್ ಬಿದ್ದಾಗ ಚರಿತ್ರೆಯೂ ಬೀಳುತ್ತದೆ. 15 ಸೆಕೆಂಡಿಗೊಮ್ಮೆ ಓದಿಸಿ. ಪ್ರೊಮಿಥಿಯಸ್ ಮಾಮೂಲಿಯಾಗಿ ಇಡುವ ಒಂದು ನಿಮಿಷದ ಅಂತರದಲ್ಲಿ ಇಪ್ಪತ್ತು ಸೆಕೆಂಡಿನ ಉಸಿರುಗಟ್ಟು ಕಾಣದೆ ಹೋಗಬಹುದು. ಹಿಕಾರಿಯ ಕಾಯುವವರ ಸಂಖ್ಯೆಯನ್ನೂ ಇದೇ ಪರದೆಗೆ ತನ್ನಿ.

ಬಾಗಿಲಿನ ವಿಷಯ. ಮಾನಿಟರಿಂಗ್ ಯೂಸರ್‌ಗೆ ಸೂಪರ್‌ಯೂಸರ್ ಅಧಿಕಾರ ಬೇಡ, 10ನೇ ಆವೃತ್ತಿಯಿಂದ ಇರುವ ಪಿಜಿ ಮಾನಿಟರ್ ಪಾತ್ರ ಸಾಕು. ಆದರೆ ಆ ಯೂಸರ್‌ಗೆ ಸೂಪರ್‌ಯೂಸರ್‌ನ ಮೂರು ಮೀಸಲು ಜಾಗ ಸಿಗುವುದಿಲ್ಲ, ಜನವರಿಯಲ್ಲಿ ನಾನು ಕುರುಡಾದದ್ದು ಅದಕ್ಕೇ. 16ನೇ ಆವೃತ್ತಿಯಿಂದ ರಿಸರ್ವ್ಡ್ ಕನೆಕ್ಷನ್ಸ್ ಎಂಬ ಬೇರೆ ಮೀಸಲು ಬಂದಿದೆ. ಮಾಮೂಲಿ ಮೌಲ್ಯ 0. ಅದನ್ನು 3 ಮಾಡಿ, ಮೀಸಲು ಬಳಸುವ ಪಾತ್ರವನ್ನು ಮಾನಿಟರಿಂಗ್ ಯೂಸರ್‌ಗೆ ಕೊಡಿ. ಹಳೆಯ ಆವೃತ್ತಿಯವರು ಪ್ರತಿ ಅಪ್ಲಿಕೇಶನ್ ಯೂಸರ್‌ಗೂ ಕನೆಕ್ಷನ್ ಲಿಮಿಟ್ ಹಾಕಿ, ಒಟ್ಟು ಮೊತ್ತ 90 ದಾಟದಂತೆ ನೋಡಿಕೊಳ್ಳಿ. ಎಕ್ಸ್‌ಪೋರ್ಟರನ್ನು ಪಿಜಿಬೌನ್ಸರ್ ಮೂಲಕ ಕಳಿಸಬೇಡಿ, ನೇರ 5432ಕ್ಕೇ ಹೋಗಲಿ. ಪಿಜಿಬೌನ್ಸರ್ ನಿಂತಾಗ ಡೇಟಾಬೇಸ್ ಬದುಕಿದೆಯೇ ಎಂದು ಅದೇ ಹೇಳಬೇಕು.

ಯಾರಿಗೆ ಯಾವುದು

ಒಂದೇ ಮಷೀನು, ಒಂದೇ ಅಪ್ಲಿಕೇಶನ್, ಏಳೆಂಟು ಜನ ಬಳಸುವ ಲ್ಯಾಬು ಅಥವಾ ದಲಾಲಿ ಅಂಗಡಿಯಾದರೆ ಒಳಗಿನ ಪೂಲ್ 5ರಿಂದ 10, ಸ್ಟ್ಯಾಟ್ ಆಕ್ಟಿವಿಟಿ ಮತ್ತು ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ಸಾಕು. ಗ್ರಾಫಾನಾಕ್ಕೆ ಇನ್ನೊಂದು ಮಷೀನ್ ಕೊಳ್ಳುವ ದುಡ್ಡಿನಲ್ಲಿ ಒಳ್ಳೆಯ ಯುಪಿಎಸ್ ಬ್ಯಾಟರಿ ಹಾಕಿಸಿ.

ವರ್ಷದಲ್ಲಿ ನಾಲ್ಕು ದಿನ ಮಾತ್ರ ಜನ ಮುಗಿಬೀಳುವ ಕಾಲೇಜಿನಂಥ ಕಡೆ, ಬೀದರಿನವರಿಗೆ ಹೇಳಿದ್ದು ಇದೇ: ಪಿಜಿಬೌನ್ಸರ್ ಈಗ ಬೇಡ, ಪೂಲ್ 50ರಿಂದ 12ಕ್ಕೆ ಇಳಿಸಿ, ಎಚ್‌ಟಿಟಿಪಿ ಪರೀಕ್ಷೆ ಮಾಡಿ, ಕಾಯುವ ಮಿತಿ 3 ಸೆಕೆಂಡ್. ಏರಿಸಲು ಕೇಳಿದವರಿಗೆ ಇಳಿಸಿ ಎಂದದ್ದು ಅವರಿಗೆ ಹಿಡಿಸಲಿಲ್ಲ. ಓಡಿಸಿ ನೋಡಿದ ಮೇಲೆ ಅವರೇ ಮತ್ತೆ ಫೋನ್ ಮಾಡಿ 14ಕ್ಕೆ ನಿಲ್ಲಿಸಿದ್ದೇನೆ ಎಂದರು.

ನಾಲ್ಕು ಅಥವಾ ಹೆಚ್ಚು ಸರ್ವಿಸ್, ಹಲವು ಪ್ರತಿಗಳು, ಸುಗ್ಗಿಯಲ್ಲಿ ಒಂದು ತಾಸೂ ನಿಲ್ಲುವಂತಿಲ್ಲ ಎನ್ನುವವರು ಪಿಜಿಬೌನ್ಸರ್ ಟ್ರಾನ್ಸಾಕ್ಷನ್ ಮೋಡ್ ಹಾಕಿ, ಒಳಗಿನ ಪೂಲ್‌ಗಳನ್ನು ಚಿಕ್ಕದಾಗಿಸಿ, ಗ್ರಾಫಾನಾ ಬೇರೆ ಮಷೀನಿನಲ್ಲಿಡಿ. ಸೆಷನ್ ನಂಬಿದ ಹಳೆಯ ಕೋಡ್ ಇದ್ದರೆ ಆ ಒಂದು ಸರ್ವಿಸಿಗೆ ಮಾತ್ರ ಸೆಷನ್ ಮೋಡ್‌ನ ಬೇರೆ ಸಾಲು ಕೊಡಬಹುದು, ಎಲ್ಲವನ್ನೂ ತಿದ್ದಿ ಬರೆಯುವ ತನಕ ಕಾಯಬೇಕಿಲ್ಲ.

ಡೇಟಾಬೇಸ್ ಕ್ಲೌಡಿನಲ್ಲಿ, ಅಪ್ಲಿಕೇಶನ್ ಇಲ್ಲಿನ ಆಫೀಸಿನಲ್ಲಿ ಇಟ್ಟುಕೊಂಡವರು ಯಾವ ಪೂಲರ್ ಎಂದು ಕೇಳುವ ಮುನ್ನ ಅಪ್ಲಿಕೇಶನನ್ನೂ ಅದೇ ಕ್ಲೌಡಿಗೆ ಸರಿಸಿ. ಆ 42 ಮತ್ತೆ 6 ಆಗುತ್ತದೆ.

ನಮ್ಮ ದಾಲ್ ಮಿಲ್ಲಿನಲ್ಲಿ ಈಗ ಪರೀಕ್ಷೆ ನಡೆಯುವುದು ದೀಪಾವಳಿ ಮುಗಿದ ಮೊದಲ ಭಾನುವಾರ, ಹೊಸ ತೊಗರಿ ಬರುವ ಮೊದಲು. ನಾಲ್ಕೂ ಸರ್ವಿಸ್ ಎಬ್ಬಿಸಿ, ಹಿಂದಿನ ವರ್ಷದ ಅತಿ ಹೆಚ್ಚು ಆವಕದ ಎರಡು ಪಟ್ಟು ಲೋಡ್ ಕೊಡುತ್ತೇವೆ. ಕಾಟಾದ ಹುಡುಗ ಪ್ರಿಂಟರ್ ಮುಂದೆ ಕೂತು ಚೀಟಿ ಬರುತ್ತಿದೆಯೇ ನೋಡುತ್ತಾನೆ, ನಾನು ಮ್ಯಾಕ್ಸ್‌ವೇಟ್ ನೋಡುತ್ತೇನೆ.